ಕಾಣಿಕೆಗೆ ಮೊದಲು ಬಾಕಿ



ಆಟಿ ತಿಂಗಳ ಒಂದು ದಿನ. ಸುಳ್ಯದ ಕಡೆಯ ಒಂದು ಚಿಕ್ಕ ಧರ್ಮಕೇಂದ್ರಕ್ಕೆ ನಾನು ಹೊಸದಾಗಿ ಬಂದಿದ್ದ ಕಾಲ. ಅಲ್ಲಿನ ಒಬ್ಬ ಅಡಿಕೆ ಕೃಷಿಕರ ತಂದೆಯವರ ವರ್ಷಾಂತಿಕ. ಬೆಳಿಗ್ಗೆ ದೇವಾಲಯದಲ್ಲಿ ಬಲಿಪೂಜೆ, ಆಮೇಲೆ ಸಮಾಧಿಯ ಬಳಿ ಪ್ರಾರ್ಥನೆ, ಮಧ್ಯಾಹ್ನ ಅವರ ಮನೆಯಲ್ಲಿ ಊಟ. ಮನೆಯವರು ಒಳ್ಳೆಯವರು. ಪ್ರತಿ ಆದಿತ್ಯವಾರ ಮೊದಲ ಸಾಲಿನಲ್ಲಿ ಇರುವವರು. ರಾತ್ರಿ ಜಪಸರ ತಪ್ಪಿಸದವರು. ದೇವಾಲಯದ ಮಾಡಿನ ಹಂಚು ಬದಲಾಯಿಸುವಾಗ ಎಲ್ಲರಿಗಿಂತ ಹೆಚ್ಚು ಕೊಟ್ಟವರು. ಊಟ ಚೆನ್ನಾಗಿತ್ತು. ನಾನು ಎರಡು ಸಲ ಬಡಿಸಿಕೊಂಡೆ.

ಹಿಂದಿರುಗುವಾಗ ತೋಟದ ಕೆಳಗಿನ ಸಂಕದ ಬಳಿ ಒಬ್ಬ ಹೆಂಗಸು ಮಳೆಯಲ್ಲಿ ನಿಂತಿದ್ದರು. ಕ್ರೈಸ್ತರಲ್ಲ, ತುಳು ಮಾತಾಡುವವರು. "ಫಾದರ್, ನಮ್ಮವರು ಬಿದ್ದಿದ್ದಾರೆ. ಅವರಿಗೂ ಒಂದು ಪ್ರಾರ್ಥನೆ ಮಾಡಿ" ಎಂದರು. ಎಲ್ಲಿ ಬಿದ್ದದ್ದು ಎಂದು ಕೇಳಿದೆ. ನಾನು ಆಗಷ್ಟೇ ಇಳಿದು ಬಂದ ತೋಟವನ್ನು ಕಣ್ಣಿನಲ್ಲೇ ತೋರಿಸಿದರು. ಎರಡನೇ ಮದ್ದು ಬಿಡುವಾಗ ಮರ ಜಾರಿತಂತೆ. ಮೂರು ವಾರ ಆಯಿತು. ಅಂದು ಪೊರ್ಬುಲು ಜೀಪು ಮಾಡಿ ಮಂಗಳೂರಿಗೆ ಕಳುಹಿಸಿದರು, ಮೊದಲ ದಿನದ ಖರ್ಚು ಕೊಟ್ಟರು. ಆಮೇಲೆ ಯಾರೂ ಬಂದಿಲ್ಲ. ಬೀಳುವುದಕ್ಕೆ ಮೊದಲು ಮಾಡಿದ ಹನ್ನೊಂದು ದಿನದ ಕೆಲಸದ ಸಂಬಳವೂ ಬರಬೇಕು, ಲೆಕ್ಕ ಮಳೆ ಬಿಟ್ಟ ಮೇಲೆ ನೋಡುವ ಎಂದಿದ್ದಾರೆ. ಇದನ್ನೆಲ್ಲ ಅವರು ದೂರಿನಂತೆ ಹೇಳಲಿಲ್ಲ. ಕೇಳಿದ್ದಕ್ಕೆ ಹೇಳಿದರು, ಅಷ್ಟೇ.

"ಖಂಡಿತ ಪ್ರಾರ್ಥಿಸುತ್ತೇನೆ" ಎಂದು ಹೇಳಿ ನಾನು ಸಂಕ ದಾಟಿದೆ. ಮಳೆ ಜೋರಾಗಿತ್ತು. ಆ ಮನೆಗೆ ಹೋಗಲಿಲ್ಲ. ಮೇಲಿನ ಮನೆಗೂ ಹಿಂದಿರುಗಿ ಹೋಗಲಿಲ್ಲ. ಹೊಸಬ ನಾನು, ಊರಿನ ವಿಷಯದಲ್ಲಿ ಮೂಗು ತೂರಿಸುವುದು ಬೇಡ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನನ್ನ ಗುರುಜೀವನದಲ್ಲಿ ನಾನು ಪಾಪನಿವೇದನೆ ಮಾಡಬೇಕಾಗಿ ಬಂದ ಸಂಗತಿಗಳಲ್ಲಿ ಇದೂ ಒಂದು. ಆದ್ದರಿಂದ ಈ ಲೇಖನವನ್ನು ಮೇಲೆ ನಿಂತು ಬೋಧಿಸುವವನ ಮಾತು ಎಂದು ತಿಳಿಯಬೇಡಿ.

ಮತ್ತಾಯನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಪ್ರಭು ಹೇಳುವ ಒಂದು ಮಾತು ನಮಗೆಲ್ಲ ಗೊತ್ತು. ಕಾಣಿಕೆಯನ್ನು ಹಿಡಿದು ಪೀಠದ ಬಳಿ ಬಂದಾಗ ಸಹೋದರನ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ಅವನೊಂದಿಗೆ ಸರಿಮಾಡಿಕೊಳ್ಳಬೇಕು, ಆಮೇಲೆ ಬಂದು ಅರ್ಪಿಸಬೇಕು. ಈ ಮಾತನ್ನು ನಾವು ಸಾಮಾನ್ಯವಾಗಿ ಕ್ಷಮೆಯ ಬಗ್ಗೆ ಬೋಧಿಸುವಾಗ ಬಳಸುತ್ತೇವೆ. ನನಗೆ ಯಾರ ಮೇಲೂ ಕೋಪವಿಲ್ಲ, ನಾನು ಎಲ್ಲರನ್ನೂ ಕ್ಷಮಿಸಿದ್ದೇನೆ ಎಂದು ಹೇಳಿ ನೆಮ್ಮದಿಯಿಂದ ಪರಮಪ್ರಸಾದಕ್ಕೆ ಹೋಗುತ್ತೇವೆ. ಆದರೆ ಇನ್ನೊಮ್ಮೆ ಓದಿ ನೋಡಿ. ಪ್ರಭು ಕೇಳುವುದು ನಿನಗೆ ಸಹೋದರನ ಮೇಲೆ ಏನಾದರೂ ಇದೆಯೇ ಎಂದಲ್ಲ. ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದೆಯೇ ಎಂದು. ಎರಡಕ್ಕೂ ಅಜಗಜಾಂತರ. ಮೊದಲನೆಯದಕ್ಕೆ ಉತ್ತರ ನನ್ನ ಮನಸ್ಸಿನಲ್ಲೇ ಸಿಗುತ್ತದೆ, ಕುಳಿತಲ್ಲಿಂದ ಏಳಬೇಕಾಗಿಲ್ಲ. ಎರಡನೆಯದಕ್ಕೆ ಉತ್ತರ ಬೇಕಾದರೆ ಅವನ ಮನೆಗೇ ಹೋಗಬೇಕು.

ಪ್ರಭುವಿನ ಮಾತು ಕೇಳುತ್ತಿದ್ದವರು ಗಲಿಲೇಯದ ಜನ. ಕಾಣಿಕೆ ಅರ್ಪಿಸುವ ಪೀಠ ಇದ್ದದ್ದು ಜೆರುಸಲೇಮಿನಲ್ಲಿ. ಹಲವು ದಿನಗಳ ಕಾಲ್ನಡಿಗೆ. ಕುರಿಯನ್ನೋ ಪಾರಿವಾಳವನ್ನೋ ಪೀಠದ ಬಳಿ ಬಿಟ್ಟು, ಊರಿಗೆ ನಡೆದು, ಸರಿಮಾಡಿಕೊಂಡು, ಪುನಃ ಬರಬೇಕು. ಸುಳ್ಯದಿಂದ ಘಾಟಿ ಹತ್ತಿ, ಮಡಿಕೇರಿಯನ್ನೂ ದಾಟಿ ನಡೆದಂತೆ. ಕೇಳಿದವರು ನಕ್ಕಿರಬೇಕು, ಇದು ಆಗುವ ಮಾತೇ ಎಂದು. ಅಷ್ಟು ದೂರವಾದರೂ ಹೋಗು ಎಂದವನು ಪ್ರಭು. ನನಗೆ ಅಂದು ನಡೆಯಬೇಕಾಗಿದ್ದದ್ದು ಸಂಕದಿಂದ ಒಂದು ಫರ್ಲಾಂಗು.

ಪ್ರಿಯರೇ, ಪುತ್ತೂರು, ಸುಳ್ಯ, ಕಡಬದ ನಮ್ಮ ಬದುಕಿನಲ್ಲಿ ವಿಶ್ವಾಸ ಪರೀಕ್ಷೆಗೆ ಒಳಗಾಗುವುದು ದೊಡ್ಡ ದೊಡ್ಡ ಹಿಂಸೆಗಳಲ್ಲಿ ಅಲ್ಲ. ಅದು ಅಂಗಳದಲ್ಲಿ, ಅಡಿಕೆ ಸುಲಿದವರ ಕಿಲೋ ಲೆಕ್ಕ ಹಾಕುವಾಗ. ಬೆಳಗಾಗುವ ಮೊದಲೇ ರಬ್ಬರಿನ ಹಾಲು ತೆಗೆದವನು ಜಗಲಿಯ ಕೆಳಗೆ ನಿಂತು ತಲೆ ತುರಿಸಿಕೊಳ್ಳುವಾಗ. ಮನೆಗೆಲಸದವಳಿಗೆ ಹಬ್ಬದ ದಿನ ಏನು ಕೊಟ್ಟು ಕಳುಹಿಸುತ್ತೇವೆ ಎನ್ನುವಲ್ಲಿ. ಅಣ್ಣ ತಮ್ಮಂದಿರ ನಡುವಿನ ಅಗಳು ಬೇಲಿ, ದಾರಿಯ ಹಕ್ಕು, ಬೇಸಗೆಯಲ್ಲಿ ನೀರಿನ ಸರದಿ ಇವೂ ಇದೇ ಲೆಕ್ಕಕ್ಕೆ ಸೇರುತ್ತವೆ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ, ಏಕೆಂದರೆ ಅದಕ್ಕೆ ಒಂದು ಪುಟ ಸಾಲದು.

ಅಡಿಕೆಯ ಲೆಕ್ಕ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕೊಯ್ದು ಅಂಗಳಕ್ಕೆ ಹಾಕಿದ ಮೇಲೆ ಚಾಲಿ ಆಗಲು ನಲ್ವತ್ತು ನಲ್ವತ್ತೈದು ದಿನದ ಬಿಸಿಲು ಬೇಕು. ಸುಲಿಯಬೇಕು, ಪಟೋರ, ಕರಿಗೋಟು ಬೇರೆ ಮಾಡಬೇಕು. ಅಷ್ಟಾದ ಮೇಲೂ ನಾವು ಕಾಯುತ್ತೇವೆ. ಧಾರಣೆ ಇನ್ನೂ ಏರಬಹುದು ಎಂದು ಗೋಣಿ ಕಟ್ಟಿ ಅಟ್ಟದಲ್ಲಿ ಇಡುತ್ತೇವೆ. ಅದರಲ್ಲಿ ತಪ್ಪಿಲ್ಲ. ಬೆಳೆಗಾರನ ಕೈ ಬಲವಾಗಲೆಂದೇ 1973ರಲ್ಲಿ ಕ್ಯಾಂಪ್ಕೋ ಹುಟ್ಟಿತು. ಅದು ಪುತ್ತೂರಿನಲ್ಲಿ ಕಟ್ಟಿದ ಚಾಕಲೇಟ್ ಕಾರ್ಖಾನೆಯಿಂದ ಕೊಕ್ಕೋ ಬೆಳೆದವರಿಗೂ ಆಸರೆಯಾಯಿತು. ನಾವು ಕಾಯಬಲ್ಲೆವು. ಆದರೆ ಮರ ಹತ್ತಿದವನ ಮನೆಯ ಅಕ್ಕಿ ಡಬ್ಬಿ ಕಾಯುವುದಿಲ್ಲ. ನಮ್ಮ ಕಾಯುವಿಕೆಯನ್ನು ಅವನ ಮೇಲೂ ಹೊರಿಸಿ, "ಅಡಿಕೆ ಕೊಟ್ಟ ಮೇಲೆ ಲೆಕ್ಕ ಮಾಡುವ" ಎನ್ನುವಾಗ ಏನಾಗುತ್ತದೆ? ನಮ್ಮ ಧಾರಣೆಗಾಗಿ ಅವನು ನಮಗೆ ಬಡ್ಡಿಯಿಲ್ಲದ ಸಾಲ ಕೊಟ್ಟ ಹಾಗಾಗುತ್ತದೆ. ಬಡವನಿಂದ ಸಾಲ ಪಡೆದು ನಾವು ಧಣಿಗಳಾಗಿ ಕೂರುತ್ತೇವೆ.

ಪವಿತ್ರ ಗ್ರಂಥ ಈ ವಿಷಯದಲ್ಲಿ ಸುತ್ತುಬಳಸಿ ಮಾತಾಡುವುದಿಲ್ಲ. ಕೂಲಿಯವನ ಸಂಬಳ ರಾತ್ರಿ ಕಳೆದು ಬೆಳಗಾಗುವವರೆಗೆ ನಿನ್ನ ಬಳಿ ಇರಬಾರದು ಎನ್ನುತ್ತದೆ ಯಾಜಕಕಾಂಡ. ಧರ್ಮೋಪದೇಶಕಾಂಡದ ಪ್ರಕಾರ ಸೂರ್ಯ ಮುಳುಗುವ ಮೊದಲೇ ಕೊಡಬೇಕು, ಏಕೆಂದರೆ ಅವನ ಮನಸ್ಸೆಲ್ಲ ಅದರ ಮೇಲೆಯೇ ಇದೆ. ಅವನು ಸ್ವಜನನೋ ಪರದೇಶಿಯೋ ಎಂಬ ಭೇದ ಇಲ್ಲ. ಸಂತ ಯಕೋಬರು ತಮ್ಮ ಪತ್ರದ ಐದನೆಯ ಅಧ್ಯಾಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೊಡದೆ ಹಿಡಿದಿಟ್ಟ ಸಂಬಳವೇ ದೇವರ ಕಡೆಗೆ ಕೂಗುತ್ತದೆ ಎನ್ನುತ್ತಾರೆ. ಆಳು ಸುಮ್ಮನಿರಬಹುದು. ಸಂಕದ ಬಳಿ ನಿಂತ ಆ ತಾಯಿ ಸುಮ್ಮನೇ ಇದ್ದರು. ಅಟ್ಟದ ಮೇಲಿನ ಗೋಣಿ ಸುಮ್ಮನಿರುವುದಿಲ್ಲ.

ಅದೇ ಧರ್ಮೋಪದೇಶಕಾಂಡದಲ್ಲಿ, ಕೂಲಿಯ ಮಾತಿನ ಹಿಂದೆಯೇ, ದೇವರು ತನ್ನ ಜನಕ್ಕೆ ಒಂದು ನೆನಪು ಮಾಡಿಕೊಡುತ್ತಾರೆ: ನೀವು ಈಜಿಪ್ಟಿನಲ್ಲಿ ದಾಸರಾಗಿದ್ದಿರಿ. ನಮಗೂ ಈ ನೆನಪು ಬೇಕು. ನಮ್ಮಲ್ಲಿ ಎಷ್ಟು ಮನೆಗಳ ತೋಟದ ಪಟ್ಟೆ ಅಜ್ಜನ ಕಾಲದಲ್ಲಿ ನಮ್ಮ ಹೆಸರಿನಲ್ಲಿ ಇತ್ತು? ನಮ್ಮ ಹಿರಿಯರು ಅನೇಕರು ಗೇಣಿ ಒಕ್ಕಲುಗಳಾಗಿದ್ದವರು. ಧಣಿಯ ಅಂಗಳಕ್ಕೆ ಗೇಣಿ ಅಕ್ಕಿ ಹೊತ್ತು, ಅಳತೆಯಲ್ಲಿ ಸೇರು ಹೆಚ್ಚಾದರೂ ಬಾಯಿ ತೆರೆಯದೆ ಬಂದವರು. ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣೆ ಕಾಯ್ದೆಗೆ ದೊಡ್ಡ ತಿದ್ದುಪಡಿಯಾಗಿ, 1974ರ ಮಾರ್ಚ್ 1ರಿಂದ ಅದು ಜಾರಿಗೆ ಬಂದ ಮೇಲೆ, ಡಿಕ್ಲರೇಶನ್ ಕೊಟ್ಟು, ಭೂನ್ಯಾಯ ಮಂಡಳಿಯ ಮುಂದೆ ನಿಂತು ಉಳುವವರು ಒಡೆಯರಾದರು. ಕಡಬ, ನೆಲ್ಯಾಡಿಯ ಕಡೆ ಕೇರಳದಿಂದ ಬಂದು ಕಾಡು ಕಡಿದು, ಮಲೇರಿಯಾಕ್ಕೆ ಮಕ್ಕಳನ್ನು ಕಳೆದುಕೊಂಡು, ಮರಗೆಣಸು ತಿಂದು ರಬ್ಬರು ನೆಟ್ಟ ಕುಟುಂಬಗಳಿಗೂ ತಮ್ಮದೇ ಆದ ಈಜಿಪ್ಟಿನ ಕಥೆಯುಂಟು. ಇಂದು ಲ್ಯಾಟಿನ್, ಸಿರೋ-ಮಲಬಾರ್, ಸಿರೋ-ಮಲಂಕರ ಎಂದು ಮೂರು ವಿಧಿಗಳ ದೇವಾಲಯಗಳು ಈ ಊರುಗಳಲ್ಲಿವೆ. 2010ರಲ್ಲಿ ಪುತ್ತೂರು ಮಲಂಕರ ವಿಧಿಯ ಧರ್ಮಪ್ರಾಂತ್ಯವೇ ಆಯಿತು. ಪೂಜೆಯ ಭಾಷೆ, ವಿಧಿ ಬೇರೆ ಬೇರೆ. ಬೆವರಿನ ನೆನಪು ಒಂದೇ. ಅದನ್ನು ಮರೆತವನಿಗೆ ಧಣಿಯ ಕುರ್ಚಿ ಬಹಳ ಬೇಗ ಹೊಂದಿಕೊಳ್ಳುತ್ತದೆ.

ನಮ್ಮಲ್ಲಿ ಇನ್ನೂ ಒಂದು ಗುಂಪಿನ ಜನ ಇದ್ದಾರೆ, ನಾವು ಅವರನ್ನು ನೋಡಿಯೂ ನೋಡದವರು. 1964ರ ಅಕ್ಟೋಬರಿನಲ್ಲಿ ಆದ ಶಾಸ್ತ್ರಿ-ಸಿರಿಮಾವೋ ಒಪ್ಪಂದದ ನಂತರ ಶ್ರೀಲಂಕಾದ ಚಹಾ ತೋಟಗಳಿಂದ ಹಿಂದಕ್ಕೆ ಕಳುಹಿಸಲ್ಪಟ್ಟ ತಮಿಳು ಕುಟುಂಬಗಳಿಗೆ ಸುಳ್ಯ, ಪುತ್ತೂರು ಕಡೆಯ ಸರಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟು ನೆಲೆಗೊಳಿಸಲಾಯಿತು. ಅವರಲ್ಲಿ ಕ್ರೈಸ್ತರೂ ಉಂಟು. ಮೂರನೇ ತಲೆಮಾರು ಬಂದಿದೆ. ಈಗ ಅವರ ಜೊತೆಗೆ ಜಾರ್ಖಂಡ್, ಒಡಿಶಾ, ಅಸ್ಸಾಮಿನ ಹುಡುಗರೂ ಕೆಲಸಕ್ಕೆ ಬರುತ್ತಿದ್ದಾರೆ. ಪೂಜೆಗೆ ಬಂದರೆ ಹಿಂದಿನ ಬಾಗಿಲ ಬಳಿ ನಿಲ್ಲುತ್ತಾರೆ. ನಾವು ಹೆಸರು ಕೇಳಿದ್ದೇವೆಯೇ?

ನೆರೆಯವರ ಕಣ್ಣಿನಲ್ಲಿ ನಾವು ಹೇಗೆ ಕಂಡಿದ್ದೇವೆ ಎಂಬುದಕ್ಕೆ ಪುತ್ತೂರಿನಲ್ಲೇ ಒಂದು ಕನ್ನಡಿ ಇದೆ. ಪರ್ಲಡ್ಕದ ಬಾಲವನದಲ್ಲಿ ಬಹುಕಾಲ ಬಾಳಿದ ಡಾ. ಶಿವರಾಮ ಕಾರಂತರ 'ಚೋಮನ ದುಡಿ' ಕಾದಂಬರಿ 1933ರಲ್ಲಿ ಪ್ರಕಟವಾಯಿತು. ಬಿ.ವಿ. ಕಾರಂತರು ಅದನ್ನು 1975ರಲ್ಲಿ ಚಲನಚಿತ್ರ ಮಾಡಿದಾಗ ಅದಕ್ಕೆ ರಾಷ್ಟ್ರಪತಿಗಳ ಸ್ವರ್ಣಕಮಲ ಬಂತು. ಸ್ವಂತ ಬೇಸಾಯ ಮಾಡಬೇಕೆಂಬ ದಲಿತನೊಬ್ಬನ ಆಸೆ ಈಡೇರದ ಕಥೆ ಎಂದು ಎಲ್ಲರಿಗೂ ಗೊತ್ತು. ನಮ್ಮವರು ಆ ಕಥೆಯಲ್ಲಿ ಮತಾಂತರದ ಪ್ರಸಂಗ ಬಂದಾಗ ಮಾತ್ರ ಕಿವಿ ನಿಮಿರಿಸುತ್ತಾರೆ, ಕಾರಂತರು ನಮ್ಮ ಬಗ್ಗೆ ಏನು ಬರೆದಿದ್ದಾರೆ ಎಂದು. ನಾನು ಹೇಳುವುದು ಬೇರೆ. ಚೋಮನ ಗುಡಿಸಲಿಗೆ ಕಾಫಿ ತೋಟದ ಸಾಲ ವಸೂಲಿಗೆ ಬರುವವನ ಹೆಸರು ನೆನಪಿದೆಯೇ? ಮನ್ವೇಲ. ಆ ಸಾಲ ತೀರಿಸಲು ದೊಡ್ಡ ಮಕ್ಕಳಿಬ್ಬರು ಘಟ್ಟ ಹತ್ತುತ್ತಾರೆ. ಒಬ್ಬ ಜ್ವರದಿಂದ ಸಾಯುತ್ತಾನೆ, ಇನ್ನೊಬ್ಬ ಮನೆಗೆ ಹಿಂದಿರುಗುವುದಿಲ್ಲ. ಕೊನೆಗೆ ಮಗಳು ಬೆಳ್ಳಿ ಹೋಗುತ್ತಾಳೆ. ಸಾಲ ತೀರುತ್ತದೆ, ಆದರೆ ಅವಳು ತೆತ್ತ ಬೆಲೆ ಯಾವ ಲೆಕ್ಕದ ಪುಸ್ತಕದಲ್ಲೂ ಬರೆಯುವಂಥದ್ದಲ್ಲ.

ಅದು ಕಥೆ, ನಿಜ. ಮನ್ವೇಲ ಎಂಬ ಒಬ್ಬ ಇದ್ದನೆಂದು ನಾನು ಹೇಳುತ್ತಿಲ್ಲ. ಆದರೆ ಕಥೆಗಾರನಿಗೆ ಆ ಸಾಲದ ಚೀಟಿ ಹಿಡಿದವನಿಗೆ ನಮ್ಮ ಹೆಸರು ಇಡುವುದು ಸಹಜವಾಗಿ ತೋರಿತಲ್ಲ? ನಮ್ಮ ಗಂಟೆಯ ಧ್ವನಿಯನ್ನು, ನಮ್ಮ ಶಾಲೆಯನ್ನು, ಆಸ್ಪತ್ರೆಯನ್ನು ಕಂಡವನಿಗೇ ನಮ್ಮ ಲೆಕ್ಕದ ಪುಸ್ತಕವೂ ಕಂಡಿತ್ತು. 1958ರಲ್ಲಿ ಮೊನ್ಸಿಂಜೊರ್ ಆಂಟನಿ ಪತ್ರಾವೋ ಪುತ್ತೂರಿನಲ್ಲಿ ಸಂತ ಫಿಲೋಮಿನಾ ಕಾಲೇಜು ತೆರೆದರು. ಅಲ್ಲಿ ಕಲಿತ ಎಷ್ಟೋ ಹಿಂದೂ, ಮುಸ್ಲಿಂ ಮಕ್ಕಳು ಇಂದಿಗೂ ನಮ್ಮನ್ನು ಗೌರವದಿಂದ ನೆನೆಯುತ್ತಾರೆ. ಅದು ನಮಗೆ ಸಂತೋಷ. ಆದರೆ ಸಾಕ್ಷ್ಯ ಎಂಬುದು ಸಂಸ್ಥೆಗಳಿಗೆ ಗುತ್ತಿಗೆ ಕೊಟ್ಟ ಕೆಲಸವಲ್ಲ. ಕಾಲೇಜಿನಲ್ಲಿ ಪಾಠ ಹೇಳಿದ ಗುರುವಿನಿಂದ ಒಬ್ಬ ನೆರೆಯವನು ಕ್ರಿಸ್ತನ ಬಗ್ಗೆ ಎಷ್ಟು ತಿಳಿದನೋ, ತನ್ನ ತಾಯಿ ದುಡಿದ ಅಂಗಳದಿಂದ ಅದಕ್ಕಿಂತ ಹೆಚ್ಚು ತಿಳಿದಿರುತ್ತಾನೆ. ಚಲನಚಿತ್ರ ಬಂದ ಅದೇ 1975ರ ಅಕ್ಟೋಬರಿನಲ್ಲಿ ಜೀತಪದ್ಧತಿಯನ್ನು ರದ್ದುಗೊಳಿಸುವ ಸುಗ್ರೀವಾಜ್ಞೆ ದೇಶದಲ್ಲಿ ಹೊರಟಿತು, ಮರುವರ್ಷ ಅದು ಕಾಯ್ದೆಯಾಯಿತು. ಸರಕಾರ ಮುಂದೆ, ಪ್ರವಚನ ಹಿಂದೆ! ಇದನ್ನು ಹೇಳುವಾಗ ನನಗೆ ನಾಚಿಕೆಯಾಗುತ್ತದೆ.

ಆದರೆ ಎಲ್ಲ ಪ್ರವಚನಗಳೂ ಹಿಂದೆ ಬಿದ್ದದ್ದಲ್ಲ. ಐನೂರು ವರ್ಷಗಳ ಹಿಂದಿನ ಒಬ್ಬ ಗುರುವಿನ ಕಥೆ ನನ್ನನ್ನು ಬಿಡದೆ ಕಾಡುತ್ತದೆ. ಬಾರ್ತೊಲೊಮೆ ದೆ ಲಾಸ್ ಕಾಸಾಸ್, ಸ್ಪೇನಿನವರು. ಕ್ಯೂಬಾ ದ್ವೀಪದಲ್ಲಿ ಗುರುಗಳಾಗಿದ್ದರು, ಜೊತೆಗೆ ಭೂಮಿಯ ಒಡೆಯರೂ ಹೌದು. ಅಲ್ಲಿನ ಮೂಲನಿವಾಸಿಗಳನ್ನು ಬಿಟ್ಟಿ ದುಡಿಮೆಗೆ ಹಂಚಿಕೊಡುತ್ತಿದ್ದ ಕಾಲ ಅದು. ಅವರ ಪಾಲಿಗೂ ಆಳುಗಳು ಬಂದಿದ್ದರು. ಹಿಂದೆಯೇ ಒಬ್ಬ ದೊಮಿನಿಕನ್ ಗುರು ಇದೇ ಕಾರಣಕ್ಕೆ ಅವರಿಗೆ ಪಾಪಕ್ಷಮೆ ಕೊಡಲು ಒಪ್ಪಿರಲಿಲ್ಲ. ಲಾಸ್ ಕಾಸಾಸ್ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ನಾನು ನನ್ನ ಆಳುಗಳನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತೇನಲ್ಲ ಎಂಬ ಧೈರ್ಯ. 1514ರ ಪೆಂತೆಕೋಸ್ತ್ ಹಬ್ಬದ ಪ್ರವಚನಕ್ಕೆ ತಯಾರಿ ಮಾಡುತ್ತಿದ್ದಾಗ ಸಿರಾಖ್ ಗ್ರಂಥದ ಮೂವತ್ತನಾಲ್ಕನೆಯ ಅಧ್ಯಾಯ ಅವರ ಕಣ್ಣಿಗೆ ಬಿತ್ತು. ಬಡವರ ಸ್ವತ್ತಿನಿಂದ ಕಾಣಿಕೆ ಅರ್ಪಿಸುವವನು ತಂದೆಯ ಎದುರಿನಲ್ಲೇ ಮಗನನ್ನು ಕೊಂದವನಿಗೆ ಸಮಾನ, ಕೂಲಿಯವನ ಸಂಬಳ ಕಸಿದವನು ರಕ್ತ ಸುರಿಸಿದವನಿಗೆ ಸಮಾನ ಎಂಬ ಅರ್ಥದ ಮಾತು ಅಲ್ಲಿದೆ. ಬೇರೆಯವರಿಗೆ ಹೇಳಲೆಂದು ತೆರೆದ ಪುಸ್ತಕ ಅವರ ಕಡೆಗೇ ತಿರುಗಿತು. ಕೆಲವು ದಿನ ಯೋಚಿಸಿ, ತಮ್ಮ ಪಾಲಿನ ಆಳುಗಳನ್ನು ಬಿಟ್ಟುಕೊಟ್ಟರು. ಆ ವರ್ಷದ ಆಗಸ್ಟ್ 15ರ ಮಾತೆಯ ಹಬ್ಬದಂದು ಪೀಠದಿಂದಲೇ ಅದನ್ನು ಸಾರಿದರು. ಮುಂದೆ 1566ರಲ್ಲಿ ತೀರಿಕೊಳ್ಳುವವರೆಗೂ ಆ ಜನರ ಪರವಾಗಿ ವಾದಿಸಿದರು. ಅವರೂ ತಪ್ಪು ಮಾಡದವರಲ್ಲ. ಮೂಲನಿವಾಸಿಗಳ ಬದಲು ಆಫ್ರಿಕಾದ ಗುಲಾಮರನ್ನು ತರಿಸಿ ಎಂದು ಒಮ್ಮೆ ಸಲಹೆ ಕೊಟ್ಟು, ಆಮೇಲೆ ಅದಕ್ಕಾಗಿ ಪಶ್ಚಾತ್ತಾಪಪಟ್ಟರು. ಒಂದು ಅನ್ಯಾಯ ಕಂಡ ಕಣ್ಣಿಗೆ ಇನ್ನೊಂದು ಕಾಣಲು ತಡವಾಗುತ್ತದೆ.

ಆ ದೊಮಿನಿಕನ್ ಗುರು ಪಾಪಕ್ಷಮೆ ಕೊಡದೆ ಇದ್ದದ್ದು ಕಠೋರ ಎನಿಸಬಹುದು. ಆದರೆ ಧರ್ಮಸಭೆಯ ಬೋಧನೆ ಅಂದಿಗೂ ಇಂದಿಗೂ ಒಂದೇ. 1992ರ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ತನ್ನ 1459ನೆಯ ಪರಿಚ್ಛೇದದಲ್ಲಿ ಸ್ಪಷ್ಟವಾಗಿ ತಿಳಿಸುತ್ತದೆ: ನೆರೆಯವನಿಗೆ ಮಾಡಿದ ಹಾನಿಯನ್ನು ಸಾಧ್ಯವಾದಷ್ಟು ಸರಿಪಡಿಸಬೇಕು. ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಮಾಡಬೇಕು, ಗಾಯಕ್ಕೆ ಪರಿಹಾರ ಕೊಡಬೇಕು. ಮೂರು ಜಪ ಹೇಳಿ ಎದ್ದು ಹೋದರೆ ಬಾಕಿ ತೀರಿತೆಂದಲ್ಲ. ಜಕ್ಕಾಯನನ್ನು ನೋಡಿ. ಪ್ರಭು ಅವನ ಮನೆಗೆ ರಕ್ಷಣೆ ಬಂತು ಎಂದು ಹೇಳಿದ್ದು ಅವನು ಮರ ಹತ್ತಿದಾಗ ಅಲ್ಲ, ಮನೆಗೆ ಬರಮಾಡಿಕೊಂಡಾಗಲೂ ಅಲ್ಲ. ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕು ಪಾಲು ಹಿಂದಿರುಗಿಸುತ್ತೇನೆ ಎಂದು ಅವನು ಎದ್ದು ನಿಂತು ಹೇಳಿದ ಮೇಲೆ.

ಮರ ಹತ್ತುವ ಮಾತು ಬಂತು. ಎರಡನೇ ಮದ್ದಿನ ಅಪಾಯವನ್ನು ಗದ್ದೆಯ ಸೀಮೆಯಿಂದ ಬಂದವರಿಗೆ ಹೇಳಿದರೆ ಅರ್ಥವಾಗುವುದಿಲ್ಲ, ನಿಮಗೆ ಹೇಳಬೇಕಾಗಿಲ್ಲ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮೊದಲನೆಯದನ್ನು ಮಳೆಗೆ ಮುಂಚೆ ಬಿಡುತ್ತೇವೆ. ನಲ್ವತ್ತು ನಲ್ವತ್ತೈದು ದಿನ ಕಳೆದು ಎರಡನೆಯದು. ಆಗ ಆಟಿಯ ನಡುಮಳೆ, ಮರವೆಲ್ಲ ಹಾವಸೆ. ಅರ್ಧ ದಿನ ಹೊಳವು ಸಿಕ್ಕಿದರೆ ಸಾಕು, ಆಳನ್ನು ಮರಕ್ಕೆ ಹತ್ತಿಸುತ್ತೇವೆ. ಕಾಲಿಗೆ ತಳೆ, ಸೊಂಟಕ್ಕೆ ಹಗ್ಗ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಕೊಳೆರೋಗದಿಂದ ನಮ್ಮ ಗೊನೆ ಉಳಿಯಲೆಂದು ಅವನು ಐವತ್ತು ಅಡಿ ಎತ್ತರದಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ಬಾಗಿ ಹಿಡಿಯುತ್ತಾನೆ. ಕೆಳಗೆ ಕೊಡೆ ಹಿಡಿದು ನಿಂತ ನಮಗೆ ಗೊನೆ ಕಾಣುತ್ತದೆ. ಅವನು ಕಾಣಬೇಕು.

ಸಣ್ಣ ವಿಷಯ ಒಂದನ್ನು ಇಲ್ಲೇ ಹೇಳಿಬಿಡುತ್ತೇನೆ, ಪ್ರವಚನದಲ್ಲಿ ಇದೇಕೆ ಎನ್ನಬೇಡಿ. 2015ರಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಎಂಬ ಅಪಘಾತ ವಿಮೆ ಆರಂಭವಾಯಿತು. ಹದಿನೆಂಟರಿಂದ ಎಪ್ಪತ್ತು ವರ್ಷದವರಿಗೆ. ವರ್ಷಕ್ಕೆ 12 ರೂಪಾಯಿ ಇದ್ದದ್ದನ್ನು 2022ರ ಜೂನ್‌ನಿಂದ 20 ರೂಪಾಯಿ ಮಾಡಿದರು. ಅಪಘಾತದಲ್ಲಿ ಜೀವ ಹೋದರೆ ಅಥವಾ ಪೂರ್ಣ ಅಂಗವಿಕಲರಾದರೆ 2 ಲಕ್ಷ, ಭಾಗಶಃ ಶಾಶ್ವತ ಅಂಗವಿಕಲತೆಗೆ 1 ಲಕ್ಷ. ಬ್ಯಾಂಕಿನಲ್ಲಿ ಖಾತೆ ಇದ್ದರೆ ಸಾಕು. ಒಂದು ಕಟ್ಟು ಮೇಣದ ಬತ್ತಿಗೂ ಇದಕ್ಕಿಂತ ಹೆಚ್ಚು ಕೊಡುತ್ತೇವೆ. ನಿಮ್ಮ ತೋಟಕ್ಕೆ ಬರುವವರ ಹೆಸರಿನಲ್ಲಿ ಇದು ಆಗಿದೆಯೇ ಎಂದು ಮೊದಲ ಮದ್ದಿಗೆ ಮುಂಚೆ ಕೇಳಿ. ಆಗಿಲ್ಲವಾದರೆ ಅವರನ್ನು ಕರೆದುಕೊಂಡು ಬ್ಯಾಂಕಿಗೆ ಹೋಗಿ. ವಿಮೆ ಆಯಿತೆಂದು ನಮ್ಮ ಜವಾಬ್ದಾರಿ ತೀರುವುದಿಲ್ಲ, ಅದು ಬೇರೆ ಮಾತು. ಕಾಲು ಮುರಿದು ಆರು ತಿಂಗಳು ಮಲಗಿದವನಿಗೆ ಆ ವಿಮೆಯಿಂದ ಏನೂ ಬರುವುದಿಲ್ಲ.

ಈಗ ಆ ಸಂಕದ ಬಳಿಯ ತಾಯಿಯ ವಿಷಯಕ್ಕೆ ಬರುತ್ತೇನೆ.

ಸೆಪ್ಟೆಂಬರ್ 8ರ ಮೊಂತಿ ಹಬ್ಬ ಬಂತು. ಒಂಬತ್ತು ದಿನ ಮಕ್ಕಳು ಮಾತೆಗೆ ಹೂ ಹಾಕಿದರು. ಹಬ್ಬಕ್ಕೆ ತೆನೆ ಬೇಕು. ನಮ್ಮ ಗದ್ದೆಗಳೆಲ್ಲ ತೋಟವಾಗಿ ಎಷ್ಟೋ ವರ್ಷವಾಯಿತು. ಇಡೀ ಧರ್ಮಕೇಂದ್ರದಲ್ಲಿ ಗದ್ದೆ ಉಳಿಸಿಕೊಂಡ ಮನೆ ಒಂದೂ ಇರಲಿಲ್ಲ. ತೆನೆ ಎಲ್ಲಿಂದ ತರುತ್ತೀರಿ ಎಂದು ಗುರಿಕಾರರನ್ನು ಕೇಳಿದೆ. ಅವರು ಸ್ವಲ್ಪ ತಡವರಿಸಿದರು. ಪ್ರತಿ ವರ್ಷ ತರುವುದು ಆ ಬಿದ್ದವನ ಅರ್ಧ ಎಕ್ರೆ ಗದ್ದೆಯಿಂದಲೇ ಅಂತೆ. ಈ ಸಲ ಕೇಳಲು ಮುಖವಿಲ್ಲ ಎಂದರು. ಆದರೂ ಹಿಂದಿನ ಸಂಜೆ ಹೋದರು. ನಾನೂ ಜೊತೆಗೆ ಹೋದೆ, ಎರಡು ತಿಂಗಳು ತಡವಾಗಿ.

ಅವನು ಒಳಗೆ ಚಾಪೆಯ ಮೇಲೆ ಮಲಗಿದ್ದ. ಹೆಂಡತಿ ಕತ್ತಿ ತೆಗೆದುಕೊಂಡು ಗದ್ದೆಗೆ ಇಳಿದರು. ಗುರಿಕಾರರು, "ನಿಮಗೆ ಬೇಸರವಿದ್ದರೆ ಬೇಡ" ಎಂದು ಏನೋ ಹೇಳಲು ಹೋದರು. ಅವರು ತೆನೆಯ ಕಟ್ಟನ್ನು ಬಾಳೆನಾರಿನಿಂದ ಬಿಗಿದು ಕೊಡುತ್ತಾ, "ತೆನೆ ಅಮ್ಮನಿಗಲ್ಲವಾ, ತೆಗೆದುಕೊಂಡು ಹೋಗಿ. ಬಾಕಿ ಬೇರೆ" ಎಂದರು.

ಮರುದಿನ ತೆನೆ ಆಶೀರ್ವದಿಸುವಾಗ ನನ್ನ ಕೈ ಭಾರವಾಗಿತ್ತು. ಅವರು ದೊಡ್ಡ ಮನಸ್ಸಿನಿಂದ ಬೇರೆ ಮಾಡಿದ್ದನ್ನು ಪ್ರಭು ಬೇರೆ ಮಾಡಿಲ್ಲವಲ್ಲ. ಪ್ರವಚನದಲ್ಲಿ ಹೆಸರು ಹೇಳಲಿಲ್ಲ. ಹೇಳಿದರೆ ಊರಿಗೆ ಸುದ್ದಿಯಾಗುತ್ತದೆ, ಬಾಕಿ ತೀರುವುದಿಲ್ಲ. ಪೂಜೆಯ ನಂತರ ಮನೆಮನೆಗೆ ತೆನೆ ಹಂಚುವಾಗ ಆ ಕೃಷಿಕರು ಕೈ ಒಡ್ಡಿದರು. ಮೆಲ್ಲನೆ ಕೇಳಿದೆ, "ಇದು ಯಾರ ಗದ್ದೆಯದು ಗೊತ್ತುಂಟಲ್ಲ?" "ಗೊತ್ತುಂಟು ಫಾದರ್" ಎಂದರು. ತಲೆ ಎತ್ತಲಿಲ್ಲ.

ಅಂದು ಸಂಜೆ ಲೆಕ್ಕದ ಪುಸ್ತಕ ಹಿಡಿದು ನನ್ನ ಕೋಣೆಗೆ ಬಂದರು. ಮೊದಲು ಸಿಟ್ಟಿನಿಂದಲೇ ಮಾತಾಡಿದರು. ಅಡಿಕೆಗೆ ಧಾರಣೆ ಇಲ್ಲ, ಸೊಸೈಟಿ ಸಾಲ ತಲೆಯ ಮೇಲೆ ಇದೆ, ಅವನು ಹಗ್ಗ ಕಟ್ಟಿಕೋ ಎಂದರೂ ಕಟ್ಟಿಕೊಳ್ಳಲಿಲ್ಲ, ಒಮ್ಮೆ ಹೋದರೆ ದಿನಾ ಹೋಗಬೇಕಾಗುತ್ತದೆ ಎಂದು ಹೆದರಿಕೆ. ಈ ಕೊನೆಯ ಮಾತು ಬಂದಾಗ ಧ್ವನಿ ಇಳಿಯಿತು. ಸುಳ್ಳು ಒಂದೂ ಇರಲಿಲ್ಲ. ನನ್ನ ಹೆದರಿಕೆಯೂ ಅದೇ ಆಗಿತ್ತು ಎಂದು ನಾನು ಹೇಳಿದೆ, ಅದೇ ದಿನ ನಿಮ್ಮ ಮನೆಯಲ್ಲಿ ಉಂಡು ಅವರ ಮನೆ ದಾಟಿ ಬಂದೆ ಎಂದೂ ಹೇಳಿದೆ.

ಹನ್ನೊಂದು ದಿನದ ಸಂಬಳ ಕೂಡಿಸಿದರು. ಅದು ಸುಲಭ. "ಬಿದ್ದ ಮೇಲಿನ ದಿನಗಳದ್ದು?" ಎಂದೆ. ಪುಸ್ತಕದ ಖಾಲಿ ಹಾಳೆ ನೋಡುತ್ತಾ, "ಅದಕ್ಕೆ ಲೆಕ್ಕ ಹೇಗೆ ಫಾದರ್?" ಎಂದರು. ನನಗೂ ಗೊತ್ತಿರಲಿಲ್ಲ. ಇಬ್ಬರೂ ಕುಳಿತು ಒಂದೊಂದಾಗಿ ಬರೆದೆವು. ಆಸ್ಪತ್ರೆಯ ಉಳಿದ ಬಿಲ್ಲು, ಎದ್ದು ನಡೆಯುವವರೆಗೆ ತಿಂಗಳ ಅಕ್ಕಿ, ಮಗಳ ಶಾಲೆಯ ಬಸ್ಸಿನ ಖರ್ಚು. ಒಂದು ಕಡೆ ಅವರ ಪೆನ್ನು ನಿಂತಿತು, ಆಮೇಲೆ ಪುನಃ ಬರೆದರು. ಮೊತ್ತ ಇಲ್ಲಿ ಹೇಳುವುದಿಲ್ಲ. ನಾಲ್ಕು ಪಾಲು ಆಗಿರಲಿಲ್ಲ.

ಅದೇ ಹೊತ್ತಿಗೆ ಹೊರಟೆವು. ಜೀಪು ಇತ್ತು, ಅವರು ತರಲಿಲ್ಲ, ನಡೆದೇ ಹೋದೆವು. ಸಂಕದ ಬಳಿ ಅವರು ಒಮ್ಮೆ ನಿಂತು, ಕೊಡೆಯನ್ನು ಎಡಗೈಗೆ ಬದಲಾಯಿಸಿ, ಪುನಃ ನಡೆದರು. ಮನೆಯಲ್ಲಿ ಕುರ್ಚಿ ಇರಲಿಲ್ಲ, ಮಣೆ ಹಾಕಿದರು. ಹಣದ ಲಕೋಟೆ, ಪಾಯಸದ ಪಾತ್ರೆ ಎರಡನ್ನೂ ಒಟ್ಟಿಗೆ ಕೆಳಗಿಟ್ಟು ಮಾತು ಸಿಗದೆ ಕುಳಿತರು. ಮಲಗಿದ್ದವನು ಮೊಣಕೈ ಊರಿ ಸ್ವಲ್ಪ ಎದ್ದ. ಲಕೋಟೆಯ ಕಡೆ ನೋಡಲಿಲ್ಲ.

"ಮೇಲಿನ ಸಾಲಿನ ನಲ್ವತ್ತು ಮರಕ್ಕೆ ಅಂದು ಮದ್ದು ಬಿಟ್ಟಾಗಿರಲಿಲ್ಲ" ಎಂದ. "ಕೊಳೆರೋಗ ತುಂಬಾ ಬಂತಾ?"